ಒಂದೇ ಗಣಕದಲ್ಲಿ ಎರಡು ವ್ಯವಸ್ಥೆ

2014ರಲ್ಲಿ ಕೊಂಡ ನನ್ನ ಗಣಕಯಂತ್ರವನ್ನು ಗುಜರಿಗೆ ಹಾಕುವುದೇ ಲೇಸೆಂದು ಹಲವರು ಉಪದೇಶಿಸಿದರು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯ ನನ್ನ ಯಂತ್ರದಲ್ಲಿಲ್ಲ. ಪೂರ್ತಿಯಾಗಿ ಲಿನಕ್ಸ್‌ಗೆ ಹೋಗೋಣವೆಂದರೆ, ನನ್ನ ಪಾಠಟಿಪ್ಪಣಿಗಳೆಲ್ಲ ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಗಳಲ್ಲಿವೆ. ಅವನ್ನು ತಿದ್ದಲು ವಿಂಡೋಸ್ ಬೇಕು. ಆದ್ದರಿಂದ ಎರಡೂ ಒಂದೇ ಯಂತ್ರದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಇದನ್ನು ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ. 2009ರಲ್ಲಿ ಲಿನಕ್ಸ್ ಸಿ.ಡಿ. ಹಾಕಿ, ಪರದೆಯ ಪ್ರಶ್ನೆಯನ್ನು ಸರಿಯಾಗಿ ಓದದೆ, ಇಡೀ ಡಿಸ್ಕ್ ಬಳಸಲು ಒಪ್ಪಿಗೆ ಕೊಟ್ಟೆ. ನಮ್ಮ ತಾಯಿಯವರ ಬಾಯಿಂದ ಕೇಳಿ ಬೆರಳಚ್ಚಿಸಿದ್ದ ಸೋಬಾನೆ ಪದಗಳೆಲ್ಲ ಅಳಿಸಿಹೋದವು. ಮತ್ತೊಮ್ಮೆ ಕೇಳಿ ಬರೆದುಕೊಳ್ಳೋಣವೆಂದರೆ ಆ ವೇಳೆಗೆ ಅವರೇ ಇರಲಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿರೆಂದು ಮಕ್ಕಳಿಗೆ ಬೋಧಿಸಿದ ಮೇಷ್ಟ್ರು ನಾನು!

ಈ ಸಲ ಕಡತಗಳನ್ನೆಲ್ಲ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿಮಾಡಿ, ಅವು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಕೈಹಾಕಿದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಿ, ಅದರ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿಯೇ 100 ಜಿ.ಬಿ. ಜಾಗ ಬಿಡಿಸಿ, ಅಲ್ಲಿ ಲಿನಕ್ಸ್ ಮಿಂಟ್ ಸ್ಥಾಪಿಸಿದೆ. ವಿಂಡೋಸ್ ಮೊದಲು, ಲಿನಕ್ಸ್ ಅನಂತರ ಎಂಬ ಕ್ರಮವೇ ಸುಲಭ. ಈಗ ಯಂತ್ರ ಚಾಲೂ ಆದೊಡನೆ ‘ಗ್ರಬ್’ ಎಂಬ ಪಟ್ಟಿ ಬಂದು, ಯಾವುದು ಬೇಕೆಂದು ಕೇಳುತ್ತದೆ.

ಒಂದು ತೊಡಕು ಬಂತು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತಿತ್ತು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಕಾಲವೆಂದೂ ವಿಂಡೋಸ್ ಸ್ಥಳೀಯ ಕಾಲವೆಂದೂ ಎಣಿಸುವುದೇ ಕಾರಣ. ಲಿನಕ್ಸ್‌ಗೂ ಸ್ಥಳೀಯ ಕಾಲವನ್ನೇ ನಿಗದಿಪಡಿಸಿದೆ; ಸರಿಹೋಯಿತು.

ಬೆಂಬಲ ತಪ್ಪಿದ ವಿಂಡೋಸ್‌ಗೆ ನಾನು ಅಂತರಜಾಲದ ಸಂಪರ್ಕ ಕೊಡುವುದಿಲ್ಲ. ಬ್ಯಾಂಕು, ಮಿಂಚಂಚೆ, ಪತ್ರಿಕೆಗಳ ಓದು ಲಿನಕ್ಸ್‌ನಲ್ಲಿ. ಹಳೆಯ ಬರಹಗಳು ವಿಂಡೋಸ್‌ನಲ್ಲಿ. ದಿನಕ್ಕೊಂದರಂತೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. ಅದು ಮುಗಿದ ದಿನ ಒಂದೇ ವ್ಯವಸ್ಥೆ ಸಾಕಾದೀತು.

ಹೊಸ ಯಂತ್ರ ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಹಳೆಯದನ್ನು ಬಿಸಾಡುವ ಮುನ್ನ ಅದರಲ್ಲಿ ಏನಿದೆಯೆಂದು ಒಮ್ಮೆ ನೋಡಿ, ಪ್ರತಿ ಮಾಡಿಟ್ಟುಕೊಳ್ಳಿ. ಯಂತ್ರ ಮತ್ತೆ ಸಿಕ್ಕೀತು. ತಾಯಿಯವರ ಪದಗಳು ನನಗೆ ಸಿಗಲಿಲ್ಲ.