ಸಮೋವಾ: ತೀರಿದ ವ್ಯಾಜ್ಯ, ತೀರದ ಬಾಕಿ

ಎರಡು ಲಕ್ಷದಷ್ಟು ಜನರಿರುವ ಪೆಸಿಫಿಕ್ ದ್ವೀಪರಾಷ್ಟ್ರ ಸಮೋವಾ 2021ರ ಏಪ್ರಿಲ್ 9ರಂದು ಕೊಟ್ಟ ತೀರ್ಪು ಅಕ್ಷರಶಃ ಸಮಬಲದ್ದು. ಒಟ್ಟು 51 ಸ್ಥಾನಗಳಲ್ಲಿ, ಹೆಚ್ಚುಕಡಿಮೆ ನಾಲ್ಕು ದಶಕ ಆಳಿದ್ದ ಎಚ್‌ಆರ್‌ಪಿಪಿಗೆ 25, ಹುಟ್ಟಿ ವರ್ಷವೂ ತುಂಬದಿದ್ದ ಫಾಸ್ಟ್ ಪಕ್ಷಕ್ಕೂ 25. ಉಳಿದವರೊಬ್ಬರು ಪಕ್ಷೇತರ.

ಮುಂದಿನ ಹಗ್ಗಜಗ್ಗಾಟಕ್ಕೆ ಕಾರಣವಾದದ್ದು ದಶಾಂಶದ ಲೆಕ್ಕ. ಸಂಸತ್ತಿನಲ್ಲಿ ಮಹಿಳೆಯರು ಕನಿಷ್ಠ ಶೇ 10ರಷ್ಟಿರಬೇಕೆಂಬುದು ಸಂವಿಧಾನದ ನಿಯಮ. ಗೆದ್ದವರು ಐವರು, ಅಂದರೆ ಶೇ 9.8. ಚುನಾವಣಾ ಆಯುಕ್ತರು ಎಚ್‌ಆರ್‌ಪಿಪಿಯ ಒಬ್ಬರನ್ನು ಆರನೆಯ ಮಹಿಳಾ ಸದಸ್ಯೆಯಾಗಿ ಸೇರಿಸಿದರು. ಪಕ್ಷೇತರ ಸದಸ್ಯ ಫಾಸ್ಟ್ ಕಡೆ ವಾಲಿದ್ದರಿಂದ ಬಲಾಬಲ 26–26 ಆಯಿತು. ರಾಷ್ಟ್ರದ ಮುಖ್ಯಸ್ಥರು ಮರುಚುನಾವಣೆ ಘೋಷಿಸಿಬಿಟ್ಟರು. ಮಹಿಳೆಯರಿಗೆ ಬಾಗಿಲು ತೆರೆಯಲು ಬಂದ ನಿಯಮವೇ ದೇಶದ ಮೊದಲ ಮಹಿಳಾ ಪ್ರಧಾನಿಯಾಗಬೇಕಿದ್ದ ಫಾಸ್ಟ್ ನಾಯಕಿ ಫಿಯಾಮೆ ನವೊಮಿ ಮತಾಫಾ ಅವರಿಗೆ ಅಡ್ಡಬಂತು.

ಸುಪ್ರೀಂ ಕೋರ್ಟ್ ಮೇ 17ರಂದು ಈ ಎರಡೂ ಕ್ರಮಗಳನ್ನು ರದ್ದುಪಡಿಸಿತು. ಆದರೂ ಸದನ ಸೇರಬೇಕಿದ್ದ ಮೇ 24ರಂದು ಸಂಸತ್ತಿಗೆ ಬೀಗ ಬಿದ್ದಿತ್ತು. ನಿಲುವಂಗಿ, ವಿಗ್ ಧರಿಸಿ ನಡೆದೇ ಬಂದ ಮುಖ್ಯ ನ್ಯಾಯಮೂರ್ತಿ ಬಾಗಿಲು ತೆರೆಯದ್ದನ್ನು ಕಂಡು ಹಿಂದಿರುಗಿದರು. ಅಂದು ಸಂಜೆ ಫಿಯಾಮೆ ಸಂಸತ್ತಿನ ಹುಲ್ಲುಹಾಸಿನ ಮೇಲೆ ಹಾಕಿದ ಶಾಮಿಯಾನದಡಿ ಪ್ರಮಾಣವಚನ ಸ್ವೀಕರಿಸಿದರು. ಅದು ಊರ್ಜಿತವೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಜುಲೈ 23ರಂದು. 22 ವರ್ಷಗಳಿಂದ ಪ್ರಧಾನಿಯಾಗಿದ್ದ ಎಚ್‌ಆರ್‌ಪಿಪಿಯ ತುಯಿಲಾಯೆಪಾ ಕೊನೆಗೂ ಸೋಲೊಪ್ಪಿದರು.

ಲಾಭದ ಕಡೆ ಬರೆಯಬೇಕಾದ್ದು ಸಣ್ಣದಲ್ಲ. ಸೈನ್ಯವೇ ಇಲ್ಲದ ದೇಶದಲ್ಲಿ, ರಕ್ತ ಹರಿಯದೆ, ಕೋರ್ಟಿನ ಆದೇಶದ ಬಲದಿಂದಲೇ ಅಧಿಕಾರ ಕೈಬದಲಾಯಿತು.

ಆದರೆ ಕೋರ್ಟು ಉಳಿಸಿಕೊಟ್ಟ ಸರ್ಕಾರವನ್ನು ಪಕ್ಷ ಉಳಿಸಿಕೊಳ್ಳಲಿಲ್ಲ. 2025ರ ಜನವರಿಯಲ್ಲಿ ಫಿಯಾಮೆ ತಮ್ಮದೇ ಪಕ್ಷದ ಅಧ್ಯಕ್ಷ ಲಾವುಲಿ ಅವರನ್ನು ಸಂಪುಟದಿಂದ ಕೈಬಿಟ್ಟರು, ಫಾಸ್ಟ್ ಒಡೆಯಿತು. ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಬಜೆಟ್ ಬಿತ್ತು, ಅವಧಿಗೆ ಮೊದಲೇ ಚುನಾವಣೆ ಬಂತು. ಆಗಸ್ಟ್ 29ರ ಚುನಾವಣೆಯಲ್ಲಿ ಲಾವುಲಿ ನೇತೃತ್ವದ ಫಾಸ್ಟ್ 30 ಸ್ಥಾನ ಗೆದ್ದರೆ, ಫಿಯಾಮೆ ಕಟ್ಟಿದ ಹೊಸ ಪಕ್ಷಕ್ಕೆ ದಕ್ಕಿದ್ದು ಮೂರು. 2021ರ ಹೋರಾಟದ ಋಣ ಮತವಾಗಲಿಲ್ಲ.

ವ್ಯಕ್ತಿಗಳ ಏಳುಬೀಳಿಗಿಂತ ದೊಡ್ಡ ಬಾಕಿ ಬೇರೆಯೇ ಇದೆ. 1991ರಿಂದ ವಯಸ್ಕರೆಲ್ಲರಿಗೂ ಮತದಾನದ ಹಕ್ಕಿದ್ದರೂ ಸ್ಪರ್ಧಿಸಲು ‘ಮತಾಯಿ’, ಅಂದರೆ ಕುಟುಂಬದ ಮುಖಂಡನ ಪದವಿ ಬೇಕೇ ಬೇಕು. ಆ ಪದವಿ ಪಡೆದವರಲ್ಲಿ ಹೆಂಗಸರು ಕಡಿಮೆ. ಕಣಕ್ಕಿಳಿಯುವ ದಾರಿಯೇ ಇಕ್ಕಟ್ಟಾಗಿದ್ದರೆ, ಫಲಿತಾಂಶ ಬಂದ ಮೇಲೆ ಆರನೆಯ ಮಹಿಳೆಯನ್ನು ಹುಡುಕುವ ಗತಿ ಮತ್ತೆ ಮತ್ತೆ ಬರುತ್ತದೆ. ಯಾರು ಗೆದ್ದರೆಂದು ಹೇಳುವುದು ನ್ಯಾಯಾಲಯಕ್ಕೆ ಸಾಧ್ಯವಾಯಿತು. ಯಾರು ನಿಲ್ಲಬಹುದೆಂಬುದನ್ನು ಸಮೋವಾದ ಸಂಸತ್ತೇ ತೀರ್ಮಾನಿಸಬೇಕು.