ಮೇಜಿನ ಮೇಲಿನ ಫೋನೂ ಕಂಪ್ಯೂಟರೇ

ನಾನಿರೋದು ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕ್ ವಿಭಾಗದಲ್ಲಿ. ಒಂದು ಬೆಳಿಗ್ಗೆ ಲೆಕ್ಕಪತ್ರ ವಿಭಾಗದ ಮೇಡಂ ತಿಂಗಳ ಫೋನ್ ಬಿಲ್ ಹಿಡಿದು ಬಂದರು. "ಏನ್ರೀ ಇದು? ರಜೆ ದಿನ, ಮಧ್ಯರಾತ್ರಿ, ವಿದೇಶಕ್ಕೆ ಇಷ್ಟೊಂದು ಮಾತಾಡಿದ್ದು ಯಾರ್ರೀ?"

ನಮ್ಮವರು ಯಾರೂ ಮಾತಾಡಿರಲಿಲ್ಲ. ಖಾಲಿ ಬಿದ್ದಿದ್ದ ಕೊಠಡಿಯೊಂದರ ಐಪಿ ಫೋನ್‌ಗೆ ಪಾಸ್‌ವರ್ಡ್ 1234. ಹೊರಗಿನವರು ಯಾರೋ ಅದನ್ನು ಊಹಿಸಿ, ನಮ್ಮ ಲೈನಿನಿಂದ ದುಬಾರಿ ನಂಬರ್‌ಗಳಿಗೆ ಕರೆ ಹರಿಸಿದ್ದರು. ಆ ದುಡ್ಡಲ್ಲಿ ಅವರಿಗೂ ಪಾಲು ಸಿಗುತ್ತೆ. ಟೋಲ್ ಫ್ರಾಡ್ ಅನ್ನೋದು ಇದಕ್ಕೇ.

ಕಂಪ್ಯೂಟರ್‌ಗಳಿಗೆಲ್ಲ ಕಾವಲು ಹಾಕಿದ್ದ ನಾವು ಫೋನನ್ನು ಬರೀ ಫೋನ್ ಅಂದ್ಕೊಂಡಿದ್ವಿ. ಆದರೆ ಈಗ ಮಾತೂ ಡೇಟಾನೇ, ಅದೇ ಕೇಬಲ್‌ನಲ್ಲಿ ಓಡುತ್ತೆ.

ಆಮೇಲೆ ಫೋನ್‌ಗಳನ್ನು ಬೇರೆ ವಿಲ್ಯಾನ್‌ಗೆ ಹಾಕಿದೆವು. ಹಾಸ್ಟೆಲ್ ವೈಫೈಯಿಂದ ಅಲ್ಲಿಗೆ ದಾರಿಯಿಲ್ಲ. ಒಂದೊಂದು ಫೋನ್‌ಗೂ ಉದ್ದನೆಯ, ಬೇರೆ ಬೇರೆ ಪಾಸ್‌ವರ್ಡ್. ಕದ್ದು ಕೇಳದಂತೆ ಎಸ್‌ಆರ್‌ಟಿಪಿ. ವಿದೇಶಿ ಕರೆ ಅಗತ್ಯ ಇದ್ದವರಿಗೆ ಮಾತ್ರ. ಇಷ್ಟೆಲ್ಲ ಬೀಗ ಹಾಕಿದ ಮೇಲೆ, ಹಾಸ್ಟೆಲ್ ಕಾವಲುಗಾರರ ಫೋನಿನಿಂದಲೂ 112ಕ್ಕೆ ಕರೆ ಹೋಗುತ್ತಾ ಅಂತ ನೋಡಿಯೇ ಮನೆಗೆ ಹೋದದ್ದು. ಕಳ್ಳನಿಗೆ ಹಾಕಿದ ಬೀಗ ಮನೆಯವರನ್ನೇ ಕೂಡಿಹಾಕಬಾರದಲ್ಲ!

ನಿಮ್ಮ ಆಫೀಸ್ ಮೇಜಿನ ಫೋನ್‌ನ ಪಿನ್ ಇನ್ನೂ 1234 ಇದೆಯಾ? ನಾಳೆ ಹೋದ ಕೂಡಲೇ ಬದಲಾಯಿಸಿ.