ಮಡಚಿದ ಮುಂಡು ಕೆಳಗಿಳಿಯುವ ಹೊತ್ತು

ನೆರಿಯ ಎಂಬ ಊರಿನ ಕಡೆಯ ಅಡಿಕೆ ತೋಟಗಳಲ್ಲಿ ಹಿರಿಯರ ತಲೆಯ ಮೇಲೆ ಇವತ್ತಿಗೂ ಮುಟ್ಟಾಳೆ ಕಾಣಸಿಗುತ್ತದೆ. ಅಡಿಕೆ ಹಾಳೆಯಿಂದ ಮಾಡಿದ ಈ ಟೊಪ್ಪಿ ಬಿಸಿಲಿಗೂ ಆಗುತ್ತದೆ, ತಲೆಹೊರೆಗೂ ಆಗುತ್ತದೆ. ಹೆಗಲಲ್ಲಿ ಬೈರಾಸು ಎಂಬ ಟವೆಲ್, ಮೊಣಕಾಲಿನವರೆಗೆ ಮಡಚಿ ಕಟ್ಟಿದ ಮುಂಡು ಎಂಬ ಪಂಚೆ. ಎದುರಿಗೆ ಗೌರವದವರು ಯಾರಾದರೂ ಬಂದರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಮಡಿಕೆ ಬಿಚ್ಚಿ ಮುಂಡು ಪಾದದವರೆಗೆ ಇಳಿಯುತ್ತದೆ.

ವಿನಯ ಕಾಣುವುದು ಆ ಕೈಯ ಚಲನೆಯಲ್ಲಿ.

ಉಡುಪಿನ ಇಂಥ ಸರಳತೆಯನ್ನು ದೇಶವೂ ಕಂಡಿದೆ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ಹರೇಕಳ ಹಾಜಬ್ಬ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬರಿಗಾಲಿನಲ್ಲೇ ನಡೆದರು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಕೂಡಿಟ್ಟ ದುಡ್ಡನ್ನು ನ್ಯೂಪಡ್ಪುವಿನ ಶಾಲೆಗೆ ಸುರಿದವರು ಅವರು. ಅದೇ ದಿನ ಪದ್ಮಶ್ರೀ ಪಡೆದ, ಗಿಡ ಬೆಳೆಸಿದ ಅಂಕೋಲಾದ ತುಳಸಿ ಗೌಡ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು, ಅವರೂ ಬರಿಗಾಲಲ್ಲೇ ಬಂದರು. ಸಮಾರಂಭಕ್ಕೆಂದು ಇಬ್ಬರೂ ಬೇರೆಯವರಾಗಲಿಲ್ಲ. ಆ ಚಿತ್ರ ದೇಶದ ಮನಸ್ಸನ್ನು ತಟ್ಟಿದ್ದು ಅದಕ್ಕೇ.

ಹಾಗೆಂದು ಪಂಚೆ ಉಟ್ಟವರೆಲ್ಲ ಸರಳರು, ಜೀನ್ಸ್ ತೊಟ್ಟವರೆಲ್ಲ ಉಡಾಫೆಯವರು ಎನ್ನಲಾದೀತೇ? ಹಾಜಬ್ಬರ ಉಡುಪಿಗೆ ಬೆಲೆ ತಂದದ್ದು ಅವರ ಶಾಲೆ. ತುಳಸಿಯವರ ಉಡುಗೆಗೆ ಬೆಲೆ ತಂದದ್ದು ಅವರು ಬೆಳೆಸಿದ ಗಿಡಗಳು. ಆದರೆ ನಮ್ಮೂರುಗಳಲ್ಲಿ ಉಡುಪು ನೋಡಿ ಗುಣ ಅಳೆಯುವ ಅಳತೆಗೋಲು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಇದು ಅನ್ಯಾಯ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಕಾಲೇಜು ಹುಡುಗಿಯ ದುಪಟ್ಟಾ ನೋಡಿ ನಡತೆ ತೀರ್ಮಾನಿಸುವುದನ್ನು ಊರಿನ ಹಿರಿಯರು ಇನ್ನಾದರೂ ಬಿಡಬೇಕು.